ಮ್ಯೂಸಿಯಮ್ಮಿನಲ್ಲಿ ಬೆಳಗು ಮಾಡಿದ್ದು

ಕಲೆಯು ಮನುಷ್ಯನನ್ನು ನಿತ್ಯದ ಸಣ್ಣತನಗಳಿಂದ ಮೇಲೆತ್ತಿ ಬೇರೊಂದು ಲೋಕಕ್ಕೆ ಒಯ್ಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಒಯ್ದ ಮೇಲೆ ರಾತ್ರಿ ವಾಪಸು ಬರಲು ಬಸ್ಸು ಉಂಟೋ ಎಂಬ ಪ್ರಶ್ನೆಗೆ ಮಾತ್ರ ಸೌಂದರ್ಯ ಮೀಮಾಂಸೆಯವರು ಯಾರೂ ಉತ್ತರ ಬರೆದಿಟ್ಟಿಲ್ಲ. ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯ ಜನ ಶಾಸ್ತ್ರದ ಈ ಕೊರತೆಯನ್ನು ಬಹಳ ಹಿಂದೆಯೇ ತಮ್ಮ ಮಟ್ಟಿಗೆ ಸರಿಪಡಿಸಿಕೊಂಡಿದ್ದರು. ರಾತ್ರಿ ಶುರುವಾದದ್ದು ಏನೇ ಇರಲಿ, ಬೆಳಗಾಗುವ ಮೊದಲು ಮುಗಿಯಕೂಡದು. ಬಯಲಾಟವಾಗಲಿ, ನಾಟಕವಾಗಲಿ, ಕಡೆಯ ಬಸ್ಸಿಗೆ ಹೋಗಿ ಮೊದಲ ಬಸ್ಸಿಗೆ ಮರಳುವುದು ಕ್ರಮ. ನಡುವಿನ ಹೊತ್ತನ್ನು ತುಂಬಿಸುವುದು ಕಲಾವಿದರ ಹೊಣೆ. ನಡುರಾತ್ರಿಗೇ ಮಂಗಳ ಹಾಡಿ ಪೆಟ್ಟಿಗೆ ಕಟ್ಟಿದ ಪರವೂರ ನಾಟಕ ತಂಡವೊಂದನ್ನು ನಮ್ಮವರು ಬಹಳ ವಿನಯದಿಂದ ಕೂರಿಸಿ, ಚಹಾ ಕುಡಿಸಿ, ಅದೇ ನಾಟಕವನ್ನು ಮತ್ತೆ ಮೊದಲಿನಿಂದ ಆಡಿಸಿದ್ದುಂಟು.

ಇಷ್ಟು ಪೀಠಿಕೆ ಅಗತ್ಯ. ಏಕೆಂದರೆ ನಾನು ಹೇಳಹೊರಟಿರುವುದು ಒಂದು ಕಲಾ ವಸ್ತುಸಂಗ್ರಹಾಲಯದ ಸಂಗತಿ, ಮತ್ತು ಅಂಥ ಜಾಗಗಳು ರಾತ್ರಿ ತೆರೆದಿರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಭಾಗ. ನಾನು ಬಂಟ್ವಾಳದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತನಾಗಿದ್ದೆ. ಅದೇ ಶಾಲೆಯಿಂದ ನಿವೃತ್ತರಾದ ಡ್ರಾಯಿಂಗ್ ಮಾಸ್ಟ್ರು ಮೂಡಬಿದ್ರೆಯವರು. ಅವರು ನೌಕರಿಯುದ್ದಕ್ಕೂ ರಜೆ ಸಿಕ್ಕಿದಾಗಲೆಲ್ಲ ಊರೂರು ತಿರುಗಿ, ಕೆಡವುತ್ತಿದ್ದ ಹಳೆಯ ಮನೆಗಳ ಕೆತ್ತನೆಯ ಕಂಬ, ದಾರಂದವೆಂಬ ಬಾಗಿಲ ಚೌಕಟ್ಟು, ಗಾಜಿನ ಮೇಲಿನ ಚಿತ್ರ, ಬಣ್ಣ ಹೋದ ಮರದ ಬೊಂಬೆ ಮುಂತಾಗಿ ಒಲೆಗೆ ಹೋಗಲಿದ್ದ ಎಲ್ಲವನ್ನೂ ಮನೆಗೆ ತರುತ್ತಿದ್ದರು. ಕೊನೆಗೆ ಅವರ ಹೆಂಡತಿ, ಮರ ಇರಲಿ ಅಥವಾ ತಾನಿರಲಿ ಎಂಬ ಸರಳ ಆಯ್ಕೆಯನ್ನು ಮುಂದಿಟ್ಟಾಗ, ಒಂದು ಸಮಿತಿ ಹುಟ್ಟಿತು. ಮಾಸ್ಟ್ರು ಎಲ್ಲವನ್ನೂ ಸಮಿತಿಗೆ ಬರೆದುಕೊಟ್ಟರು. ಮೂಡಬಿದ್ರೆ ಪೇಟೆಯ ಹಿಂದಿನ ಓಣಿಯಲ್ಲಿ ಖಾಲಿ ಬಿದ್ದಿದ್ದ ಒಂದು ದೊಡ್ಡ ಮನೆ ಸಿಕ್ಕಿತು. ಬಾಗಿಲಿಗೆ ಫಲಕ ಬಂತು. ಎದುರಿಗೆ ಜನ ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು, ಹಿಂದಿನಿಂದ ‘ಮಾಸ್ಟ್ರ ಕಟ್ಟಿಗೆ ಕೊಟ್ಟಿಗೆ’ ಎನ್ನುತ್ತಿದ್ದರು.

ಸಮಿತಿಯ ಅಧ್ಯಕ್ಷರು ಮಂಗಳೂರಿನ ಒಬ್ಬ ಹಿರಿಯ ವಕೀಲರು. ಕೆಟ್ಟವರಲ್ಲ. ನೋಡುವವರಿಲ್ಲದ ವಸ್ತುವನ್ನು ಕಾಯುವುದು ವ್ಯರ್ಥ ಎಂಬುದು ಅವರ ಅಭಿಪ್ರಾಯ, ಮತ್ತು ಅದನ್ನು ತಪ್ಪೆನ್ನುವಂತಿರಲಿಲ್ಲ. ಬಸದಿ ನೋಡಲು ಬಂದವರು ಬಸದಿ ನೋಡಿ ಹೋಗುತ್ತಿದ್ದರು. ಊರವರಿಗೆ ತಮ್ಮ ಅಟ್ಟದ ಮೇಲಿದ್ದದ್ದನ್ನೇ ಇನ್ನೊಬ್ಬರ ಗೋಡೆಯ ಮೇಲೆ ನೋಡುವ ಆಸೆ ಇರಲಿಲ್ಲ. ಒಂದು ದಿನ ನಾನು ಮಾಸ್ಟ್ರ ಜೊತೆ ಅಲ್ಲಿ ಕುಳಿತಿದ್ದಾಗ ವಕೀಲರು ಕಾರಿನಿಂದಿಳಿದು ಬಂದರು.

“ಮಾಸ್ಟ್ರೇ, ಹೋದ ಸರ್ತಿ ನಾನು ಬಂದಾಗ ಇಲ್ಲಿ ಒಂದು ಬೆಕ್ಕಾದ್ರೂ ಇತ್ತು. ಈ ಸರ್ತಿ ಅದೂ ಇಲ್ಲ.”

“ಇಲಿ ಮುಗೀತು ವಕೀಲರೇ, ಹಾಗೆ ಹೋಯ್ತು. ಅದು ಒಳ್ಳೇ ಸುದ್ದಿ.”

“ತಮಾಷೆ ಬೇಡ. ಮಂಗಳೂರಿನಲ್ಲಿ ಒಂದು ಹಾಲ್ ಸಿಗ್ತದೆ. ಎಲ್ಲ ಅಲ್ಲಿಗೆ ಸಾಗಿಸುವ. ನೋಡುವವರಾದ್ರೂ ಸಿಕ್ಕಿಯಾರು.”

ಮಾಸ್ಟ್ರು ಎತ್ತರದ ಆಳಲ್ಲ, ದನಿಯೂ ಸಣ್ಣದು. ಆದರೆ ಅವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕುಳಿತರೆಂದರೆ ಶಾಲೆಯಲ್ಲಿ ಹೆಡ್‌ಮಾಸ್ಟ್ರೂ ಮಾತು ನಿಲ್ಲಿಸುತ್ತಿದ್ದರು. ಆ ದಿನ ಹಾಗೆ ಸರಿದರು.

“ಇವೆಲ್ಲ ಇಲ್ಲಿಯ ಮರ. ಇಲ್ಲಿಯವರು ನೋಡಬೇಕು. ಹಗಲು ಅವರಿಗೆ ಪುರುಸೊತ್ತಿಲ್ಲ, ಬೀಡಿ ಕಟ್ಟಲಿಕ್ಕುಂಟು, ತೋಟಕ್ಕೆ ನೀರು ಬಿಡಲಿಕ್ಕುಂಟು. ರಾತ್ರಿ ಬಾಗಿಲು ತೆರೆಯುವ. ಒಂದೇ ರಾತ್ರಿ ಕೊಡಿ. ಜನ ಬಾರದಿದ್ರೆ ನಾನೇ ಲಾರಿ ತರಿಸಿ ಹೇರಿಸ್ತೇನೆ.”

“ಬಂದ್ರೆ ಸಾಲದು ಮಾಸ್ಟ್ರೇ. ನೋಡಬೇಕು.”

“ನೋಡ್ತಾರೆ.”

ವಕೀಲರಿಗೆ ಮಾತಿನ ಖಚಿತತೆ ಇಷ್ಟ. ಒಪ್ಪಿದರು. ಕಾರ್ಯಕ್ರಮಕ್ಕೆ ‘ಕಲಾ ಸ್ನೇಹಕೂಟ’ ಎಂಬ ಹೆಸರನ್ನೂ ಅವರೇ ಇಟ್ಟರು. ಮಂಗಳೂರಿನ ಕ್ಲಬ್ಬುಗಳಲ್ಲಿ ಅಂಥದ್ದು ನಡೆಯುತ್ತಿತ್ತಂತೆ. ಜನ ಕೈಯಲ್ಲಿ ಲೋಟ ಹಿಡಿದು ನಿಂತು ಚಿತ್ರ ನೋಡುತ್ತಾರೆ, ಒಬ್ಬರಿಗೊಬ್ಬರು ಮಾತಾಡುತ್ತಾರೆ, ಎರಡು ಗಂಟೆಯಲ್ಲಿ ಮನೆಗೆ ಹೋಗುತ್ತಾರೆ. ನೋಟೀಸು ಬರೆಯುವ ಕೆಲಸ ಭಾಷಾಪಂಡಿತನಾದ ನನ್ನ ಪಾಲಿಗೆ ಬಂತು. ಯಾವ ವಾರ, ಎಷ್ಟು ಹೊತ್ತಿಗೆ ಶುರು, ಎಲ್ಲಿ, ಪ್ರವೇಶ ಉಚಿತ, ಎಲ್ಲವನ್ನೂ ಬರೆದೆ. ಎಷ್ಟು ಹೊತ್ತಿಗೆ ಮುಕ್ತಾಯ ಎಂದು ಬರೆಯಲಿಲ್ಲ. ನಮ್ಮ ಕಡೆಯ ರಾತ್ರಿ ಕಾರ್ಯಕ್ರಮದ ನೋಟೀಸುಗಳಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ವಕೀಲರು ಕರಡನ್ನು ಓದಿ ಎರಡು ಕಡೆ ಅಲ್ಪವಿರಾಮ ಹಾಕಿ ಸಹಿ ಮಾಡಿದರು. ಅವರ ಕಡೆಯಲ್ಲಿಯೂ ಬರೆಯುವ ರೂಢಿ ಇರಲಿಲ್ಲವೆಂದು ಕಾಣುತ್ತದೆ, ಬೇರೆ ಕಾರಣಕ್ಕೆ.

ಪ್ರಚಾರಕ್ಕೆ ನನ್ನ ಅಕ್ಕನ ಗಂಡ, ಅಂದರೆ ಭಾವ, ಸಿಕ್ಕಿದರು. ಗುರುವಾಯನಕೆರೆಯ ಜಂಕ್ಷನ್ನಿನಲ್ಲಿ ಅವರದೊಂದು ಹೋಟೆಲು. ನಾಲ್ಕೂ ದಿಕ್ಕಿಗೆ ಹೋಗುವ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದುದರಿಂದ, ಭಾವ ಗಲ್ಲಾದಲ್ಲಿ ಕೂತು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನದೊಳಗೆ ವೇಣೂರು, ಬೆಳ್ತಂಗಡಿ, ಮಡಂತ್ಯಾರು ಎಲ್ಲ ಕಡೆ ಮುಟ್ಟುತ್ತಿತ್ತು.

“ಎಂಥದ್ದು ಕಾರ್ಯಕ್ರಮ?” ಎಂದು ಭಾವ ಕೇಳಿದರು.

“ಹಳೇ ಕೆತ್ತನೆ, ಚಿತ್ರ ಎಲ್ಲ ನೋಡುವುದು. ಭಾಷಣ ಉಂಟು. ಕಾಫಿ ಉಂಟು.”

“ಆಮೇಲೆ?”

“ಆಮೇಲೆ ಎಂತ? ಅಷ್ಟೇ.”

“ಅಷ್ಟೇ ಅಂದ್ರೆ ಹೇಗೆ ಮಾರಾಯ್ರೇ? ರಾತ್ರಿಯಲ್ವಾ?” ಭಾವ ನನ್ನನ್ನು ಕನಿಕರದಿಂದ ನೋಡಿದರು. “ಏನೋ ಉಂಟು. ನಿಮ್ಮ ಮಾಸ್ಟ್ರು ನಿಮಗೂ ಹೇಳ್ಲಿಲ್ಲ.”

ಇದು ನನ್ನ ಕಿವಿಗೆ ಬಿದ್ದಾಗ ನಾನು ಎಚ್ಚರವಾಗಬೇಕಿತ್ತು. ಆದರೆ ನಾನೂ ಅದೇ ಮಣ್ಣಿನವನು. ಏನೋ ಇರಬಹುದೆಂದು ನನಗೂ ಅನಿಸಿತು.

ಆ ರಾತ್ರಿ ಜನ ಬಂದರು. ಬಂದರು ಎಂದರೆ, ಬೆಳ್ತಂಗಡಿಯಿಂದ ಬಂದ ಕೊನೆಯ ಬಸ್ಸಿನ ಟಾಪಿನಿಂದಲೂ ಇಳಿದರು. ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳದ ಕಡೆಯವರು ಬಂದರು. ಓಣಿ ತುಂಬಿತು, ಜಗಲಿ ತುಂಬಿತು, ಒಳಗಿನ ದೊಡ್ಡ ಕೋಣೆ ತುಂಬಿತು. ಎಲ್ಲರ ಕಂಕುಳಲ್ಲಿ ಸುತ್ತಿದ ಚಾಪೆ, ಹೆಗಲ ಮೇಲೆ ಹೊದಿಕೆ. ವಕೀಲರು ಗೇಟಿನ ಬಳಿ ನಿಂತು ಕೈಮುಗಿದು ಸ್ವಾಗತಿಸುತ್ತ ನನ್ನನ್ನು ಕೇಳಿದರು, “ಪಂಡಿತರೇ, ಇವರೆಲ್ಲ ಚಾಪೆ ಯಾಕೆ ತಂದಿದ್ದಾರೆ?”

“ನೆಲ ತಣ್ಣಗೆ ಇರ್ತದಲ್ಲ ಸರ್,” ಎಂದೆ. ಆ ಕ್ಷಣಕ್ಕೆ ಅದು ನಿಜವೂ ಆಗಿತ್ತು.

ದೀಪ ಬೆಳಗಿಸಿದ್ದಾಯಿತು, ಪ್ರಾರ್ಥನೆಯಾಯಿತು. ಕಲೆ ಮತ್ತು ಸಮಾಜ ಎಂಬ ವಿಷಯದ ಮೇಲೆ ವಕೀಲರು ದೀರ್ಘವಾಗಿ ಮಾತಾಡಿದರು. ಜನ ತಲೆದೂಗಿದರು. ಕಾಫಿ ಬಂತು, ಕುಡಿದರು. ಗೋಡೆಯ ಕಡೆ ಯಾರೂ ನೋಡಲಿಲ್ಲ. ಯಕ್ಷಗಾನದ ಆಟದಲ್ಲಿ ಕಥೆ ಶುರುವಾಗುವ ಮೊದಲು ಪೂರ್ವರಂಗ ಇರುತ್ತದೆ, ಬಾಲಕರು ಕುಣಿಯುತ್ತಾರೆ, ಪ್ರೇಕ್ಷಕರು ಅತ್ತ ಕಡಲೆ ತಿನ್ನುತ್ತ ಕುಶಲ ಮಾತಾಡುತ್ತಾರೆ. ನಮ್ಮ ಸಭೆ ಅಧ್ಯಕ್ಷರ ಭಾಷಣವನ್ನು ಅದೇ ಗೌರವದಿಂದ ಸಹಿಸಿಕೊಂಡಿತು. ನಾನು ವಂದನಾರ್ಪಣೆ ಮಾಡಿದೆ. ಭಾರೀ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಕೂಡಲೇ, ಒಬ್ಬರು ಹೇಳಿಕೊಟ್ಟಂತೆ, ಎಲ್ಲರೂ ಚಾಪೆ ಬಿಡಿಸಿದರು.

ಭಾವನ ತಾಯಿ, ನನಗೆ ಅತ್ತೆ, ಗೋಡೆಯಲ್ಲಿದ್ದ ಒಂದು ಉದ್ದದ ಕೆತ್ತನೆ ಹಲಗೆಯ ಕೆಳಗೇ ಒಳ್ಳೆಯ ಜಾಗ ಹಿಡಿದು, ಹಲಗೆಗೆ ಬೆನ್ನು ಹಾಕಿ, ಎಲೆಯಡಿಕೆಯ ಪೆಟ್ಟಿಗೆ ತೆರೆದರು.

“ಇವರು ಹೋಗುವುದಿಲ್ಲವಾ?” ವಕೀಲರು ಕೇಳಿದರು.

“ಬಸ್ಸಿಲ್ಲ ಸರ್. ಇನ್ನು ಬೆಳಿಗ್ಗೆಯೇ.”

“ಅಷ್ಟರವರೆಗೆ ಎಂತ ಮಾಡ್ತಾರೆ?”

“ಶುರುವಾಗ್ಲಿ ಅಂತ ಕಾಯ್ತಾ ಇದ್ದಾರೆ.”

“ಎಂಥದ್ದು ಶುರುವಾಗ್ಲಿ ಅಂತ?”

ನಾನು ಖಾಲಿ ಕಾಫಿ ಲೋಟಗಳನ್ನು ಒಟ್ಟುಮಾಡತೊಡಗಿದೆ. ವಕೀಲರು ಮಾಸ್ಟ್ರ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಬೇಸರವಿತ್ತು.

“ಮಾಸ್ಟ್ರೇ, ಜನ ಬಂದಿದ್ದಾರೆ, ಒಪ್ಪಿದೆ. ಒಬ್ಬರಾದ್ರೂ ನೋಡಿದ್ರಾ? ಇವರು ಮಲಗ್ಲಿಕ್ಕೆ ಬಂದವರು. ಜಗಲಿಯಲ್ಲಿ ಮಲಗ್ಲಿ, ಬೇಡ ಅನ್ನುವುದಿಲ್ಲ. ಒಳಗಿನ ಕೋಣೆಗೆ ಬೀಗ ಹಾಕಿಸಿ. ಲಾರಿಯ ವಿಷಯ ನಾಳೆ ಮಾತಾಡುವ.”

ಅದೇ ಹೊತ್ತಿಗೆ ಕರೆಂಟು ಹೋಯಿತು. ಕತ್ತಲೆಯಲ್ಲಿ ಸಭೆ ‘ಹೋ’ ಎಂದಿತು, ಅದರಲ್ಲಿ ಸಂತೋಷವೇ ಹೆಚ್ಚಿತ್ತು. ಶುರುವಾಗುವ ಲಕ್ಷಣವೆಂದು ತಿಳಿದರೋ ಏನೋ. ಮಾಸ್ಟ್ರು ಮುಂಜಾಗ್ರತೆಗೆ ಬಾಡಿಗೆಗೆ ತಂದಿಟ್ಟಿದ್ದ ಪೆಟ್ರೋಮ್ಯಾಕ್ಸನ್ನು ನಾನು ಹೊತ್ತಿಸಿ ತಂದಾಗ, ಮಾಸ್ಟ್ರು ಒಳಕೋಣೆಯ ಹೊಸ್ತಿಲ ಮೇಲೆ ಕಾಲು ಮಡಚಿ ಕೂತಿದ್ದರು.

“ಬೀಗ ಹಾಕುವುದಾದ್ರೆ ನನ್ನನ್ನು ಒಳಗೆ ಕೂರಿಸಿ ಹಾಕಿ,” ಎಂದರು. “ನೀವು ಕೊಟ್ಟದ್ದು ಒಂದು ರಾತ್ರಿ. ರಾತ್ರಿ ಇನ್ನೂ ಉಂಟು.”

ವಕೀಲರು ವಾಚು ನೋಡಿದರು. ಮಾತು ಕೊಟ್ಟದ್ದು ಹೌದು, ರಾತ್ರಿ ಎಂಬುದರ ಮೇರೆಯನ್ನು ಮೊದಲೇ ನಿಗದಿ ಮಾಡದ್ದೂ ಹೌದು. ತಮ್ಮ ಕಸುಬಿನ ತಪ್ಪು ತಮಗೇ ಗೊತ್ತಾದವರ ಹಾಗೆ ಅವರು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತುಬಿಟ್ಟರು.

ಮಾಸ್ಟ್ರು ಎದ್ದು ಬೆಳಕನ್ನು ಹಿಡಿಯಲು ನನಗೆ ಸನ್ನೆ ಮಾಡಿ, ಒಂದೊಂದೇ ವಸ್ತುವಿನ ಎದುರು ನಿಂತು ಹೇಳತೊಡಗಿದರು. ಜನ ದಾಕ್ಷಿಣ್ಯಕ್ಕೆ ಕತ್ತು ತಿರುಗಿಸಿದರು. ಹಳೆಯ ಮನೆಯೊಂದರ ಭೂತದ ಕೋಣೆಯಲ್ಲಿದ್ದ ಮರದ ಹಂದಿಯ ಎದುರು ಅತ್ತೆ ಮೊದಲ ಬಾಣ ಬಿಟ್ಟರು. ಅತ್ತೆಯ ಮಾತು ತುಳುವಿನದು. ಕನ್ನಡಕ್ಕೆ ತರುವಾಗ ಖಾರ ಅರ್ಧ ಇಳಿಯುತ್ತದೆ, ಉಳಿದರ್ಧ ಇಷ್ಟು.

“ಬಣ್ಣ ಯಾಕೆ ಹೋಗಿದೆ ಮಾಸ್ಟ್ರೇ ಇದರದ್ದು?”

“ಹಳೇದು ಅಕ್ಕ. ನೂರಾರು ವರ್ಷದ್ದು.”

“ಹಳೇದಾದ್ರೆ ಹೊಸ ಬಣ್ಣ ಕೊಡುವುದಿಲ್ಲವಾ? ಈ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವಾ?”

ಸಭೆ ನಕ್ಕಿತು. ವಕೀಲರು ಕಣ್ಣು ಮುಚ್ಚಿಕೊಂಡರು. ಮಾಸ್ಟ್ರು ಜಗ್ಗಲಿಲ್ಲ. ಮುಂದೆ ಸಾಗಿ ಅತ್ತೆಯ ತಲೆಯ ಮೇಲಿದ್ದ ಹಲಗೆಯ ಎದುರು ನಿಂತರು. ವೇಣೂರಿನ ಕಡೆಯ ಮನೆಯೊಂದರಿಂದ ತಂದದ್ದು. ಅದರಲ್ಲಿ ಕಿರೀಟವಿಟ್ಟ ಒಬ್ಬ ರಾಜ, ಎದುರಿಗೆ ಮಗುವನ್ನು ಎತ್ತಿಕೊಂಡ ಹೆಂಗಸು, ಅವಳ ಹಿಂದೆ ಮುಖವನ್ನು ಬೇರೆ ಕಡೆ ತಿರುಗಿಸಿದ ಇನ್ನೊಬ್ಬ ಗಂಡಸು. ರಾಜ ಬಲಗೈ ಚಾಚಿದ್ದಾನೆ. ಆದರೆ ಬೆರಳುಗಳನ್ನು ಗೆದ್ದಲು ತಿಂದಿತ್ತು. ಕೊಡು ಎನ್ನುತ್ತಿದ್ದಾನೋ, ಹೋಗು ಎನ್ನುತ್ತಿದ್ದಾನೋ ಹೇಳುವಂತಿರಲಿಲ್ಲ. ಕೆಳಗೆ ಮಾಸ್ಟ್ರ ದುಂಡಕ್ಷರದ ಚೀಟಿ: ರಾಜ, ಸ್ತ್ರೀ, ಮಗು, ಪುರುಷ. ಕಥೆ ತಿಳಿದಿಲ್ಲ. ನಾನು ಗಟ್ಟಿಯಾಗಿ ಓದಿದೆ.

“ಕಥೆ ಗೊತ್ತಿಲ್ಲದೆ ಗೋಡೆಗೆ ಯಾಕೆ ತೂಗಿಸಿದ್ದು?” ಅತ್ತೆ ಕೂತಲ್ಲಿಂದಲೇ ಕತ್ತೆತ್ತಿ ಕೇಳಿದರು.

“ಗೊತ್ತಿದ್ದವರು ಬರ್ಲಿ ಅಂತ,” ಎಂದರು ಮಾಸ್ಟ್ರು.

ಇದು ಸಭೆಗೆ ಅರ್ಥವಾಗುವ ಆಹ್ವಾನ. ನಮ್ಮಲ್ಲಿ ತಾಳಮದ್ದಳೆ ಎಂಬುದುಂಟು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಆಗಲೇ ಹುಟ್ಟಿದ ಮಾತಿನಲ್ಲಿ ತಮ್ಮ ಪಾತ್ರದ ನ್ಯಾಯವನ್ನು ವಾದಿಸುವುದು. ಹಗಲಿಡೀ ಮಸಾಲೆದೋಸೆ ಕೊಡುವ ಭಾವ ರಾತ್ರಿ ಇಂಥ ಕೂಟಗಳಲ್ಲಿ ರಾಜನಾಗಿ ಅಭ್ಯಾಸವಿದ್ದವರು. ಅವರು ಶಾಲು ಕೊಡವಿ ಹಲಗೆಯ ಎಡಗಡೆ ಕೂತರು.

“ಈ ಅರಸನದ್ದು ತಪ್ಪಿಲ್ಲ. ನಾನು ಹೇಳ್ತೇನೆ,” ಎಂದವರು ಗಂಟಲು ಸರಿಮಾಡಿಕೊಂಡ ಕೂಡಲೇ ಭಾಷೆಯೇ ಬದಲಾಯಿತು. “ಎಲೈ ಮಾನಿನಿ, ಈ ಸಿಂಹಾಸನಕ್ಕೆ ವಾರಸುದಾರನಿಲ್ಲದೆ ಪ್ರಜೆಗಳು ಚಿಂತಾಕ್ರಾಂತರಾಗಿರುವಾಗ, ನನ್ನ ಮಗನನ್ನು ನನಗೊಪ್ಪಿಸಲು ನಿನಗೇನು ಅಡ್ಡಿ?”

ಮಲಗಿದ್ದವರು ಎದ್ದು ಕೂತರು. ಶುರುವಾಗಿತ್ತು.

ಬೆಳ್ತಂಗಡಿಯ ಒಬ್ಬ ಅಡಿಕೆ ವ್ಯಾಪಾರಿ, ಮುಖ ತಿರುಗಿಸಿದವನನ್ನು ಮಂತ್ರಿಯೆಂದು ತಾವೇ ನಿರ್ಧರಿಸಿ, ಪ್ರಭುವಿನ ಮಾತೇ ಸರಿ ಎಂದು ಬಲಗಡೆ ಕೂತರು. ಹೆಂಗಸಿನ ಪರ ಯಾರೂ ಏಳಲಿಲ್ಲ. ರಾಜನ ವಾದ ಎದುರಿಲ್ಲದೆ ಏರತೊಡಗಿತು. ಮಗು ತಂದೆಯ ಸೊತ್ತು, ತಾಯಿ ಬರೀ ಪಾಲಕಿ ಎಂಬಲ್ಲಿಗೆ ಬಂದಾಗ, ಬಾಗಿಲ ಬಳಿಯ ಕುರ್ಚಿ ಕರ್ರೆಂದಿತು.

“ಅದಕ್ಕೆ ಆಧಾರ ಎಂತದು?” ವಕೀಲರು.

ಭಾವ ರಾಜತ್ವದಿಂದ ಕೆಳಗಿಳಿಯಲಿಲ್ಲ. “ಯಾರಯ್ಯಾ ನೀನು, ನಮ್ಮ ಆಸ್ಥಾನದಲ್ಲಿ ಅಪ್ಪಣೆಯಿಲ್ಲದೆ ದನಿಯೆತ್ತುವವನು?”

ವಕೀಲರನ್ನು ಅಷ್ಟು ಜನರೆದುರು ಯಾರೂ ನೀನು ಎಂದದ್ದಿರಲಿಕ್ಕಿಲ್ಲ. ವಕೀಲರು ಎದ್ದರು. ಕೋಟು ಬಿಚ್ಚಿದರು. ಕುರ್ಚಿಯ ಬೆನ್ನಿಗೆ ಹಾಕಿದರು.

“ಆ ತಾಯಿಯ ಪರವಾಗಿ ಬಂದವನು,” ಎಂದು ಹೇಳಿ, ಪ್ಯಾಂಟು ಮೊಣಕಾಲ ಬಳಿ ಸ್ವಲ್ಪ ಎಳೆದುಕೊಂಡು, ಅತ್ತೆಯ ಚಾಪೆಯ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿದರು.

ಮೊದಲು ಅವರು ನ್ಯಾಯಶಾಸ್ತ್ರದ ಇತಿಹಾಸದಿಂದ ಶುರುಮಾಡಿದರು. ಅತ್ತೆ ಸ್ವಲ್ಪ ಹೊತ್ತು ಕೇಳಿ, ಎಲೆಗೆ ಸುಣ್ಣ ಸವರುತ್ತ, ಈ ಸಲ ಕೂಟದ ಭಾಷೆಯಾದ ಕನ್ನಡದಲ್ಲೇ ಹೇಳಿದರು: “ವಕೀಲರೇ, ಮಗು ಕಂಕುಳಲ್ಲಿ ಉಂಟು. ಕೈ ಸೋಲ್ತದೆ ಅವಳದ್ದು. ಬೇಗ ವಿಷಯಕ್ಕೆ ಬನ್ನಿ. ನಮ್ಮಲ್ಲಿ ಮಗು ತಾಯಿಯ ಕುಟುಂಬದ್ದು. ಅರಸನಿಗೆ ಕೇಳ್ಲಿಕ್ಕೆ ಎಂತ ಉಂಟು? ಹಿಂದೆ ನಿಂತವನು ಅವಳ ಅಣ್ಣ. ಕರ್ಕೊಂಡು ಹೋಗ್ಲಿಕ್ಕೆ ಬಂದವನು. ದಾರಿ ನೋಡ್ತಾ ಇದ್ದಾನೆ, ಅಷ್ಟೇ.”

ವಕೀಲರ ಮುಖದಲ್ಲಿ ಬೆಳಕು ಮೂಡಿದ್ದನ್ನು ಪೆಟ್ರೋಮ್ಯಾಕ್ಸಿನ ಲೆಕ್ಕಕ್ಕೆ ಹಾಕಲು ನಾನು ಸಿದ್ಧನಿಲ್ಲ. ಅವರ ವೃತ್ತಿಜೀವನವೆಲ್ಲ ನಡೆದದ್ದು ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಪಾಲಿನ ದಾವೆಗಳ ಮೇಲೆ. ಅಡಿಕೆ ವ್ಯಾಪಾರಿಯಂತೂ ಕೂತಲ್ಲೇ ಪಕ್ಷ ಬದಲಿಸಿದರು. “ಇಷ್ಟು ಹೊತ್ತು ನಾನು ಮಂತ್ರಿ ಅಂತ ಗ್ರಹಿಸಿದ್ದೆ ಮಾರಾಯ್ರೇ. ನಾನು ಸೋದರಮಾವ!”

“ಪ್ರಭು, ಚಾಚಿದ ಕೈ ಕೇಳುವ ಕೈಯೋ ಕಳಿಸುವ ಕೈಯೋ, ಅದು ಮೊದಲು ತೀರ್ಮಾನವಾಗಬೇಕು,” ಎಂದರು ವಕೀಲರು.

“ನೋಡಬಹುದಲ್ಲ,” ಎಂದರು ಭಾವ.

ನೋಡಿದರು. ಅದನ್ನು ನಾನು ಈಗಲೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ನಾನು ದೀಪ ಎತ್ತಿ ಹಿಡಿದೆ, ಮಾಸ್ಟ್ರು ಸ್ಟೂಲು ತಂದಿಟ್ಟರು. ವಕೀಲರು ಸ್ಟೂಲು ಹತ್ತಿ ರಾಜನ ಮಣಿಕಟ್ಟಿಗೆ ಮೂಗು ತಾಗುವಷ್ಟು ಹತ್ತಿರ ಕನ್ನಡಕ ಒಯ್ದರು. ಮಣಿಕಟ್ಟು ಮೇಲ್ಮುಖವೋ ಕೆಳಮುಖವೋ ಎಂಬ ಬಗ್ಗೆ ಅಭಿಪ್ರಾಯಭೇದವಾಯಿತು. ಭಾವ ಹತ್ತಿದರು. ಇಳಿದ ಮೇಲೆ ಅಡಿಕೆ ವ್ಯಾಪಾರಿ ಹತ್ತಿ, ಸೋದರಮಾವನ ಕಾಲಿನ ಬೆರಳು ಬಾಗಿಲ ಕಡೆಗೇ ಇದೆಯೆಂದು ಸಾರಿದರು. ಆಮೇಲೆ ಸಾಲು ನಿಂತಿತು. ಬೀಡಿ ಕಂಪನಿಯ ಬ್ರ್ಯಾಂಚಿನಲ್ಲಿ ಎಲೆ ತೂಗಿ ಕೊಡುವಾಗಿನ ಶಿಸ್ತಿನಿಂದ ಒಬ್ಬೊಬ್ಬರೇ ಹತ್ತಿ, ಕೈ ನೋಡಿ, ಮಗುವಿನ ಮುಖ ನೋಡಿ, ಹೆಂಗಸಿನ ಸೊಂಟದ ಪಟ್ಟಿ ನೋಡಿ ಇಳಿದರು. ಇಳಿದವರು ಸುಮ್ಮನಿರಲಿಲ್ಲ. ಆಭರಣ ನೋಡಿದರೆ ಇವಳು ದೊಡ್ಡ ಮನೆಯವಳೆಂದು ಒಬ್ಬರು, ದೊಡ್ಡ ಮನೆಯದ್ದಾದರೆ ದಾರಂದದ ಬಳ್ಳಿಯೂ ಹೀಗೇ ಇರಬೇಕಲ್ಲ ಎಂದು ಇನ್ನೊಬ್ಬರು. ಹೋಲಿಸಲು ಪಕ್ಕದ ಗೋಡೆಯ ದಾರಂದಕ್ಕೆ ದೀಪ ಬೇಕಾಯಿತು. ಅಲ್ಲಿಂದ ಗಾಜಿನ ಚಿತ್ರದ ಸೆರಗಿಗೆ. ದೀಪ ಹಿಡಿದ ನನ್ನ ಕೈಗಳು ಸರದಿಯ ಮೇಲೆ ಜೋಮು ಹಿಡಿದವು. ಮಾಸ್ಟ್ರು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತ, ಸ್ಟೂಲು ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದರು.

ವಾದ ಮುಗಿಯಲಿಲ್ಲ. ಅರಸನ ಧರ್ಮ ಬೇರೆ, ಊರ ಕಟ್ಟುಕಟ್ಟಳೆ ಬೇರೆ ಎಂದು ಭಾವ ಹೊಸ ದಾರಿ ತೆಗೆದರು. ವಕೀಲರ ಸ್ವರ ಬಿದ್ದುಹೋಗಿತ್ತು, ಹಾಗಾಗಿ ಅವರ ಕೊನೆಯ ವಾದಗಳೆಲ್ಲ ಪಿಸುಮಾತಿನಲ್ಲಿ ಬಂದವು, ಅದರಿಂದ ಇನ್ನೂ ಗಂಭೀರವಾಗಿ ಕೇಳಿಸಿದವು. ಕಿಟಕಿ ಬೆಳ್ಳಗಾಗುವಾಗ ಓಣಿಯ ಆಚೆ ಬಸ್ಸಿನ ಹಾರ್ನ್ ಕೇಳಿಸಿತು. ಚಾಪೆಗಳು ಸುತ್ತಿಕೊಂಡವು.

“ಇದು ಇತ್ಯರ್ಥ ಆಗ್ಲಿಲ್ಲ,” ವಕೀಲರು ಕೋಟು ಹುಡುಕುತ್ತ ಹೇಳಿದರು. “ಮುಂದಿನ ತಿಂಗಳು ಪುನಃ ಕೂತುಕೊಳ್ಳುವ.”

“ಕೂತುಕೊಳ್ಳುವ,” ಎಂದರು ಭಾವ. “ಆದ್ರೆ ಹಲಗೆ ಮಂಗಳೂರಿಗೆ ಹೋದ್ರೆ ನಾನು ಅಲ್ಲಿಗೆ ಬರ್ಲಿಕ್ಕಿಲ್ಲ ವಕೀಲರೇ. ಅಲ್ಲಿಂದ ಬೆಳಿಗ್ಗೆ ಬಂದು ಹೋಟೆಲಿನ ಬಾಗಿಲು ತೆಗೆಯುವಾಗ ಇಡ್ಲಿಯ ಹೊತ್ತು ದಾಟ್ತದೆ. ಅರಸನಿಲ್ಲದೆ ನೀವು ಯಾರ ಹತ್ರ ವಾದ ಮಾಡ್ತೀರಿ?”

ವಕೀಲರು ತೋಳಿಗೆ ಕೋಟು ಹಾಕುತ್ತಿದ್ದವರು ಅರ್ಧಕ್ಕೆ ನಿಂತರು.

“ಮತ್ತೆ ನಾನೂ ಬರುವುದಿಲ್ಲ,” ಎಂದರು ಅತ್ತೆ. “ನನಗೆ ಘಟ್ಟ ಇಳಿಯುವ ಹಾಗೆ ಓಡುವ ಮಂಗಳೂರು ಬಸ್ಸು ಆಗುವುದಿಲ್ಲ, ತಲೆ ತಿರುಗ್ತದೆ.”

“ಪ್ರತಿವಾದಿ ಬೆಳ್ತಂಗಡಿ ತಾಲೂಕಿನವರು,” ವಕೀಲರು ತಮ್ಮಷ್ಟಕ್ಕೆ ಪಿಸುಗುಟ್ಟಿದರು. “ಸಾಕ್ಷಿಗಳೂ ಈ ಕಡೆಯವರು. ವಸ್ತುವನ್ನು ನ್ಯಾಯವ್ಯಾಪ್ತಿಯ ಹೊರಗೆ ಒಯ್ಯುವುದು ಸರಿಯಾಗುವುದಿಲ್ಲ.” ಹಾಗೆಂದವರು ಮಾಸ್ಟ್ರ ಕಡೆ ನೋಡಿದರು. “ನೋಡಿದ್ರು ಮಾಸ್ಟ್ರೇ.”

“ಹೌದು,” ಎಂದರು ಮಾಸ್ಟ್ರು. ಸ್ಟೂಲಿನಿಂದ ಆಗ ಕೈ ತೆಗೆದರು.

ಮುಂದಿನ ಸಭೆಯಲ್ಲಿ ಸಮಿತಿಯು ಸಂಗ್ರಹವನ್ನು ಮೂಡಬಿದ್ರೆಯಲ್ಲಿಯೇ ಉಳಿಸಿಕೊಳ್ಳಲು ತೀರ್ಮಾನಿಸಿತು.